ಕುಲಪತಿಯ ಬಾಗಿಲಲ್ಲಿ ಕುಳಿತವರು

ಗೇರುಸೊಪ್ಪದ ಹುಡುಗಿಯೊಬ್ಬಳ ಪದವಿ ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿ ಅಚ್ಚಾದರೆ ಅದನ್ನು ತಿದ್ದುವ ಅಧಿಕಾರ ಇರುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಶರಾವತಿ ದಂಡೆಯ ಈ ಊರಿನಿಂದ ಹೊನ್ನಾವರಕ್ಕೆ ಸುಮಾರು 30 ಕಿಲೋಮೀಟರ್. ಅಲ್ಲಿಂದ ಕುಮಟಾಕ್ಕೆ ಬಂದು ದೇವಿಮನೆ ಘಟ್ಟ ಹತ್ತಿ ಶಿರಸಿ ಮೇಲಿಂದ ಹೋಗಬೇಕು. ಇಲ್ಲವೇ ಅಂಕೋಲಾ ಮುಟ್ಟಿ, ಅರಬೈಲ್ ಘಟ್ಟ ಏರಿ ಹುಬ್ಬಳ್ಳಿ ಹಿಡಿಯಬೇಕು. ನಸುಕಿನಲ್ಲಿ ಮನೆ ಬಿಟ್ಟರೂ ವಿಶ್ವವಿದ್ಯಾಲಯದ ಆವರಣ ಸೇರುವಾಗ ಊಟದ ಹೊತ್ತು ಹತ್ತಿರವಾಗಿರುತ್ತದೆ. ಕಚೇರಿ ಸಂಜೆ ಮುಚ್ಚುತ್ತದೆ, ಕತ್ತಲಾಗುವ ಮೊದಲು ಘಟ್ಟ ಇಳಿಯುವ ಬಸ್ಸು ಹಿಡಿಯಬೇಕು. ಆಕೆಯ ಕೈಯಲ್ಲಿ ಉಳಿಯುವುದು ಎರಡು ಮೂರು ತಾಸು.

ಇಂಥ ತಪ್ಪು ಕರಾವಳಿಯಲ್ಲಿ ಅಪರೂಪದ್ದಲ್ಲ. ಎಸ್ಸೆಸ್ಸೆಲ್ಸಿ ದಾಖಲೆಯಲ್ಲಿ ‘ನಾಯ್ಕ’ ಇದ್ದದ್ದು ಕಾಲೇಜಿನ ಅರ್ಜಿಯಲ್ಲಿ ‘ನಾಯಕ’ ಆಗುತ್ತದೆ. ‘ಹೆಗಡೆ’ ಇದ್ದದ್ದು ‘ಹೆಗ್ಡೆ’ ಆಗುತ್ತದೆ. ‘ಗೌಡ’ ಎಂಬುದನ್ನು ಇಂಗ್ಲಿಷಿನಲ್ಲಿ ಅಪ್ಪನ ಕಾಗದದಲ್ಲಿ ಒಂದು ಬಗೆಯಾಗಿ, ಮಗಳ ಕಾಗದದಲ್ಲಿ ಇನ್ನೊಂದು ಬಗೆಯಾಗಿ ಬರೆದಿರುತ್ತಾರೆ. ಯಾರಿಗೆ ಹೇಳಬೇಕೆಂದು ತಿಳಿಯದ ಮನೆಯವರು ‘ದೊಡ್ಡವರನ್ನೇ ಕಾಣೋಣ’ ಎಂದು ಹೊರಡುತ್ತಾರೆ. ದೊಡ್ಡವರೆಂದರೆ ಕುಲಪತಿ. ಆದರೆ ಅಲ್ಲಿ ಮೊದಲು ಸಿಗುವವರು ಅವರ ಆಪ್ತ ಸಹಾಯಕರು.

ಆ ಕುರ್ಚಿಯಲ್ಲಿ ಕುಳಿತವರು ಕೆಲಸ ಬಲ್ಲವರಾಗಿದ್ದರೆ ಅರ್ಜಿಯನ್ನು ಒಮ್ಮೆ ನೋಡಿ, ‘ಅಮ್ಮಾ, ಇದು ಕುಲಪತಿಯವರ ತನಕ ಹೋಗುವ ವಿಷಯವೇ ಅಲ್ಲ. ಮೌಲ್ಯಮಾಪನ ಕುಲಸಚಿವರ ವಿಭಾಗಕ್ಕೆ ಹೋಗಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಲಗತ್ತಿಸಿ, ಪ್ರಾಚಾರ್ಯರ ಪತ್ರ ಇದೆಯೇ?’ ಎಂದು ಕೇಳುತ್ತಾರೆ. ಪತ್ರ ಇಲ್ಲದಿದ್ದರೆ ಹೊನ್ನಾವರದ ಕಾಲೇಜಿಗೆ ಫೋನು ಮಾಡಿ, ಇವತ್ತೇ ಮಿಂಚಂಚೆಯಲ್ಲಿ ಕಳಿಸುವಂತೆ ಹೇಳುತ್ತಾರೆ. ಕೆಲಸ ತಿಳಿಯದವರಾಗಿದ್ದರೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ’ ಎನ್ನುತ್ತಾರೆ. ಧಾರವಾಡದ ಸಪ್ತಾಪುರದಲ್ಲೋ ಕಲ್ಯಾಣನಗರದಲ್ಲೋ ಇರುವವರಿಗೆ ‘ನಾಳೆ’ ಎಂದರೆ ಬರೀ ನಾಳೆ. ಗೇರುಸೊಪ್ಪದವರಿಗೆ ಅದು ಇನ್ನೊಂದು ದಿನದ ಕೂಲಿ, ಇನ್ನೊಂದು ಸಲದ ಬಸ್ಸಿನ ಖರ್ಚು, ಕೆಲವೊಮ್ಮೆ ಕೈತಪ್ಪಿದ ಎಂ.ಎ. ಪ್ರವೇಶ.

ಉನ್ನತ ಶಿಕ್ಷಣದ ಬಗ್ಗೆ ನಡೆಯುವ ಚರ್ಚೆಯಲ್ಲಿ ಪಠ್ಯಕ್ರಮ ಬರುತ್ತದೆ, ಶುಲ್ಕ ಬರುತ್ತದೆ, ಅತಿಥಿ ಉಪನ್ಯಾಸಕರ ಸಂಬಳ ಬರುತ್ತದೆ, ಕುಲಪತಿ ನೇಮಕದ ರಾಜಕೀಯವಂತೂ ಬಂದೇ ಬರುತ್ತದೆ. ಕುಲಪತಿಯ ದಿನಚರಿ ಬರೆಯುವ, ಕಡತ ಮುಂದಿಡುವ, ಭೇಟಿಗೆ ಹೊತ್ತು ಗೊತ್ತುಮಾಡುವ ವ್ಯಕ್ತಿಯ ಮಾತು ಬರುವುದೇ ಇಲ್ಲ. ಈ ಮರೆವಿನಿಂದ ಹೆಚ್ಚು ನಷ್ಟವಾಗುವುದು ವಿಶ್ವವಿದ್ಯಾಲಯದಿಂದ ದೂರ ಇರುವವರಿಗೆ. ಆದ್ದರಿಂದ ಈ ಹುದ್ದೆಗೆ ಬರಹದಲ್ಲಿ ಹೇಳಿದ ಕರ್ತವ್ಯ, ತರಬೇತಿ ಮತ್ತು ಹೊಣೆ ಮೂರೂ ಬೇಕು ಎಂದು ಗಟ್ಟಿಯಾಗಿ ಕೇಳಬೇಕಾದವರು ಭಟ್ಕಳ, ಹೊನ್ನಾವರ, ಕುಮಟಾದ ಜನ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000 ಅಧಿಕಾರಿಗಳನ್ನು ಹೆಸರಿಸುತ್ತದೆ: ಕುಲಾಧಿಪತಿ, ಸಮಕುಲಾಧಿಪತಿ, ಕುಲಪತಿ, ಡೀನರು, ಕುಲಸಚಿವ, ಕುಲಸಚಿವ (ಮೌಲ್ಯಮಾಪನ), ಹಣಕಾಸು ಅಧಿಕಾರಿ. ದಾಖಲೆಗಳನ್ನು ಕಾಯುವ ಹೊಣೆ ಕುಲಸಚಿವರದು. ಸಿಂಡಿಕೇಟ್ ಸಭೆಯ ಕಾರ್ಯದರ್ಶಿಯೂ ಅವರೇ. ಆಪ್ತ ಸಹಾಯಕರು ಈ ಪಟ್ಟಿಯಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಪಟ್ಟಿಯಲ್ಲಿರುವ ಯಾರ ಕಡತವಾದರೂ ಕುಲಪತಿಯ ಮೇಜು ತಲುಪುವುದು ಅವರ ಕೈಯಿಂದಲೇ. ನಲವತ್ತು ಕಡತ ಬಂದ ದಿನ ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ. ಭಟ್ಕಳದ ಕಾಲೇಜಿಗೆ ಹೊಸ ಕೋರ್ಸಿನ ಸಂಯೋಜನೆ ಕೊಡಬೇಕೋ ಬೇಡವೋ ಎಂದು ಸ್ಥಳೀಯ ವಿಚಾರಣಾ ಸಮಿತಿ ಕೊಟ್ಟ ವರದಿ ಮೂರು ವಾರ ಅಡಿಯಲ್ಲಿ ಬಿದ್ದಿದ್ದರೆ ಪ್ರವೇಶದ ಕಾಲವೇ ಕಳೆದುಹೋಗುತ್ತದೆ. ಅದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ. ತಡವಾದರೆ ಏನಾಗುತ್ತದೆಂದು ತಿಳಿಯದವರು ಆ ಕುರ್ಚಿಯಲ್ಲಿದ್ದರೆ ಸಾಕು.

ಕಡತವೊಂದನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ತೂಕ ತಿಳಿಯುತ್ತದೆ. ಬಲಗಡೆ ಪತ್ರವ್ಯವಹಾರ, ಎಡಗಡೆ ಟಿಪ್ಪಣಿ ಹಾಳೆ. ವಿಷಯ ನಿರ್ವಾಹಕರು ಕಂಡಿಕೆಗೆ ಸಂಖ್ಯೆ ಹಾಕಿ ಬರೆದಿರುತ್ತಾರೆ, ಅಧೀಕ್ಷಕರು ಒಪ್ಪಿರುತ್ತಾರೆ, ಸಹಾಯಕ ಕುಲಸಚಿವರು ಸಹಿ ಮಾಡಿರುತ್ತಾರೆ, ಕುಲಸಚಿವರು ‘ಮಾನ್ಯ ಕುಲಪತಿಯವರ ಆದೇಶಕ್ಕಾಗಿ’ ಎಂದು ಶರಾ ಬರೆದಿರುತ್ತಾರೆ. ಒಳ್ಳೆಯ ಆಪ್ತ ಸಹಾಯಕರು ಅದನ್ನು ಹಾಗೇ ಮುಂದಿಡುವುದಿಲ್ಲ. ಏಳನೆಯ ಕಂಡಿಕೆಯಲ್ಲಿ ಹೇಳಿದ ಹಳೆಯ ಸಿಂಡಿಕೇಟ್ ನಿರ್ಣಯದ ಪ್ರತಿ ಒಳಗಿದೆಯೇ ಎಂದು ಹುಡುಕುತ್ತಾರೆ. ಇಲ್ಲದಿದ್ದರೆ ತರಿಸಿ, ಆ ಪುಟಕ್ಕೆ ಚೀಟಿ ಅಂಟಿಸುತ್ತಾರೆ. ಇದೇ ಬೇಡಿಕೆ ಎರಡು ವರ್ಷದ ಹಿಂದೆ ಬೇರೆ ಕಾಲೇಜಿನಿಂದ ಬಂದಾಗ ಏನು ತೀರ್ಮಾನವಾಗಿತ್ತೆಂದು ನೆನಪಿಸುತ್ತಾರೆ. ಅಭಿಪ್ರಾಯ ಮಾತ್ರ ಬರೆಯುವುದಿಲ್ಲ. ಅದು ಅವರ ಕೆಲಸವಲ್ಲ. ತೀರ್ಮಾನ ಮಾಡುವವರು ಕತ್ತಲಲ್ಲಿ ಸಹಿ ಹಾಕದಂತೆ ನೋಡಿಕೊಳ್ಳುವುದು ಅವರ ಕೆಲಸ.

ತುರ್ತು ಸಂದರ್ಭದಲ್ಲಿ ಕುಲಪತಿಯವರು ಪ್ರಾಧಿಕಾರದ ಪರವಾಗಿ ತಾವೇ ಕ್ರಮ ಕೈಗೊಂಡು ಆಮೇಲೆ ಸಭೆಗೆ ವರದಿ ಒಪ್ಪಿಸಬಹುದು ಎಂಬ ಅವಕಾಶ ಕಾಯ್ದೆಯಲ್ಲಿದೆ. ಬೇಕೇ ಬೇಕಾದ ಅವಕಾಶ. ಆದರೆ ಯಾವುದು ತುರ್ತು, ಯಾವುದನ್ನು ತುರ್ತಿನ ವೇಷದಲ್ಲಿ ತಂದಿದ್ದಾರೆ ಎಂಬುದು ಸಂಜೆ ಆರರ ನಂತರ ಬರುವ ಕಡತದಲ್ಲಿ ಕಾಣುವುದು ಕಷ್ಟ. ‘ಸರ್, ಮುಂದಿನ ಸಿಂಡಿಕೇಟ್ ಸಭೆ ಇನ್ನು ಎಂಟೇ ದಿನಕ್ಕಿದೆ, ಅಲ್ಲಿಯ ತನಕ ತಡೆಯಬಹುದು’ ಎಂದು ಹೇಳುವ ಧೈರ್ಯ ಪಕ್ಕದಲ್ಲಿ ನಿಂತವರಿಗಿದ್ದರೆ ಎಷ್ಟೋ ತಕರಾರು ಹುಟ್ಟುವುದೇ ಇಲ್ಲ. ಹಾಗೆ ಹೇಳಬೇಕಾದರೆ ಅವರ ಕೆಲಸ ಭದ್ರವಾಗಿರಬೇಕು. ವರ್ಷಕ್ಕೊಮ್ಮೆ ಹೊರಗುತ್ತಿಗೆ ಏಜೆನ್ಸಿಯ ಮೂಲಕ ಮರುನೇಮಕವಾಗುವ, ಸಾಹೇಬರ ಒಂದು ಮಾತಿಗೆ ಕೆಲಸ ಕಳೆದುಕೊಳ್ಳುವ ಹುಡುಗನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ನೆನಪಿನ ಮಾತಿಗೆ ಬರೋಣ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರ ಕಾಯ್ದೆಯಿಂದ. ಡಾ. ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ, ಹದಿಮೂರು ವರ್ಷ, ಅದರ ಕುಲಪತಿಯಾಗಿದ್ದರು. ಆ ಮೊದಲು ಮುಂಬಯಿ ಪ್ರಾಂತದ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದವರು. ಮುಂದೆ ಪಂಜಾಬಿನ ರಾಜ್ಯಪಾಲರಾದರು. ಧಾರವಾಡದ ಗುಡ್ಡದ ಮೇಲಿನ ಇಂದಿನ ಆವರಣ ರೂಪುಗೊಂಡದ್ದು ಅವರ ಕಾಲದಲ್ಲಿ. ಅಷ್ಟು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತವರಿಗೆ ಯಾವ ಕಾಲೇಜು ಹೇಗೆ ಹುಟ್ಟಿತು, ಯಾರಿಗೆ ಏನು ಮಾತು ಕೊಟ್ಟಿದ್ದೇವೆ ಎಂಬುದನ್ನು ಇನ್ನೊಬ್ಬರು ಹೇಳಿಕೊಡಬೇಕಾಗಿರಲಿಲ್ಲ.

ಈಗ ಹಾಗಿಲ್ಲ. ಕುಲಪತಿಯ ಅವಧಿ ನಾಲ್ಕು ವರ್ಷ, ಅಥವಾ 67 ವಯಸ್ಸು ತುಂಬುವ ತನಕ. ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಊರು ತಿಳಿಯುವಷ್ಟರಲ್ಲಿ ಮೊದಲ ವರ್ಷ ಮುಗಿದಿರುತ್ತದೆ. ಕೊನೆಯ ವರ್ಷದಲ್ಲಿ ದೊಡ್ಡ ತೀರ್ಮಾನಕ್ಕೆ ಕೈಹಾಕಲು ಹಿಂಜರಿಕೆ. ನಡುವೆ ಹಂಗಾಮಿ ಕುಲಪತಿಗಳ ಕಾಲ. ಹಿರಿಯ ಡೀನರೊಬ್ಬರು ತಮ್ಮ ವಿಭಾಗವನ್ನೂ ವಿಶ್ವವಿದ್ಯಾಲಯವನ್ನೂ ಒಟ್ಟಿಗೆ ಹೊರುವ ತಿಂಗಳುಗಳು ಕರ್ನಾಟಕಕ್ಕೆ ಹೊಸತೇನಲ್ಲ. ಇಂಥ ಹೊತ್ತಿನಲ್ಲಿ ಹಿಂದಿನದನ್ನು ಮುಂದಿನದಕ್ಕೆ ಜೋಡಿಸುವ ಕೊಂಡಿ ಕುಲಪತಿ ಕಚೇರಿಯ ಸಿಬ್ಬಂದಿಯೇ. ಆದರೆ ಹೊಸ ಕುಲಪತಿ ಬಂದೊಡನೆ ‘ನಮ್ಮವರು’ ಬೇಕೆಂದು ಹಳೆಯ ಆಪ್ತ ಸಹಾಯಕರನ್ನು ಬೇರೆ ವಿಭಾಗಕ್ಕೆ ಕಳಿಸುವ ರೂಢಿ ಕಚೇರಿಗಳಲ್ಲಿ ಬೇರುಬಿಟ್ಟಿದೆ. ಅವರ ಜೊತೆ ನೆನಪೂ ಎದ್ದು ಹೋಗುತ್ತದೆ. ಕುಮಟಾದ ಪ್ರಾಚಾರ್ಯರೊಬ್ಬರು ಹಿಂದಿನ ಕುಲಪತಿಗೆ ಮೂರು ಸಲ ವಿವರಿಸಿದ್ದನ್ನು ಹೊಸಬರಿಗೆ ಮೊದಲಿಂದ ವಿವರಿಸಬೇಕು.

ಬರೆದಿಟ್ಟದ್ದು ಮಾತ್ರ ಉಳಿಯುತ್ತದೆ ಎಂಬುದಕ್ಕೆ ಗೇರುಸೊಪ್ಪದಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ರಾಜಧಾನಿ ಇದು. ನಗರಬಸ್ತಿಕೇರಿಯ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪಕ್ಕೆ ತಲುಪಿ, ಘಟ್ಟ ಏರಿ ಇಕ್ಕೇರಿಗೆ ಹೋದ. ಹಾಳುಬಿದ್ದ ಗೇರುಸೊಪ್ಪವನ್ನೂ, ಮುಂದೆ ದಾರಿಯ ಗುಡಿಯೊಂದರ ಜಗಲಿಯಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬರೆದು ಹಾಡುತ್ತ ಲೆಕ್ಕ ಕಲಿಯುವುದನ್ನೂ ದಿನಾಂಕ ಹಾಕಿ ಬರೆದಿಟ್ಟ. ಅದೇ ಬರಹದಲ್ಲಿ ಇನ್ನೊಬ್ಬರು ಮತ್ತೆಮತ್ತೆ ಕಾಣುತ್ತಾರೆ: ಇಕ್ಕೇರಿಯ ವೆಂಕಟಪ್ಪ ನಾಯಕನ ಕಡೆಯಿಂದ ಗೋವೆಗೆ ಹೋಗಿದ್ದ ವಿಠ್ಠಲ ಶೆಣೈ. ರಾಜನ ಮನಸ್ಸು ಪರದೇಶಿಯರಿಗೂ, ಪರದೇಶಿಯರ ಮಾತು ರಾಜನಿಗೂ ತಿಳಿಯುವಂತೆ ನಡುವೆ ನಿಂತವರು. ನಾನೂರು ವರ್ಷದ ಹಿಂದೆಯೂ ಅಧಿಕಾರದ ಬಳಿ ಹೋಗುವ ದಾರಿ ಒಬ್ಬ ಮನುಷ್ಯನ ಮೂಲಕವೇ ಹಾದುಹೋಗುತ್ತಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಆಪ್ತ ಸಹಾಯಕರ ವಿಷಯದಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಬಾಗಿಲು ಮುಚ್ಚಿದವರ ಕಥೆ ಹತ್ತು ಬಾಯಲ್ಲಿ ಹರಡುತ್ತದೆ. ಬಾಗಿಲು ತೆರೆದವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಕುಲಪತಿಯವರು ಸಿಟ್ಟಿನಲ್ಲಿ ಬರೆಸಿದ ಪತ್ರವನ್ನು ಮರುದಿನ ಬೆಳಿಗ್ಗೆ ‘ಒಮ್ಮೆ ಓದಿ ಸಹಿ ಮಾಡುತ್ತೀರಾ ಸರ್?’ ಎಂದು ಮುಂದಿಟ್ಟು, ಅದು ಹೋಗದಂತೆ ನೋಡಿಕೊಂಡವರು ಪ್ರತಿ ವಿಶ್ವವಿದ್ಯಾಲಯದಲ್ಲೂ ಇದ್ದಾರೆ. ಅವರ ಒಳ್ಳೆಯ ಕೆಲಸ ಕಾಣುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಅಳೆಯುವ, ಗೌರವಿಸುವ ಕ್ರಮವೂ ಬೆಳೆದಿಲ್ಲ.

ಈ ಕೆಲಸಕ್ಕೆ ಗೌರವವಿದ್ದ ಕಾಲವೂ ಒಂದಿತ್ತು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜಕ್ಕೂ ಉತ್ತರ ಕನ್ನಡದ ಶಿಕ್ಷಣಕ್ಕೂ ಆಳವಾದ ನಂಟಿದೆ. ಆ ಸಮಾಜದ ಸದಸ್ಯರಾಗಿದ್ದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಅವರ ಹೆಸರಿನ ಕಾಲೇಜು ತೆರೆಯಿತು. ಅದೇ ಸಮಾಜದಲ್ಲಿ ಗೋಖಲೆಯವರ ಉತ್ತರಾಧಿಕಾರಿಯಾಗಿದ್ದ, ಮುಂದೆ ಅಣ್ಣಾಮಲೈ ವಿಶ್ವವಿದ್ಯಾಲಯದ ಕುಲಪತಿಯೂ ಆದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಯವರಿಗೆ ಪಿ. ಕೋದಂಡರಾವ್ ಆಪ್ತ ಕಾರ್ಯದರ್ಶಿಯಾಗಿದ್ದರು. ಶಾಸ್ತ್ರಿಯವರು ದಕ್ಷಿಣ ಆಫ್ರಿಕಾಕ್ಕೆ ಭಾರತದ ಪ್ರತಿನಿಧಿಯಾಗಿ ಹೋದಾಗಲೂ ಜೊತೆಗಿದ್ದರು. ಶಾಸ್ತ್ರಿಯವರ ರಾಜಕೀಯ ಜೀವನಚರಿತ್ರೆಯನ್ನು ಆಮೇಲೆ ಬರೆದವರೂ ಅವರೇ. ಆಪ್ತ ಕಾರ್ಯದರ್ಶಿಯೆಂದರೆ ಹೇಳಿದ್ದನ್ನು ಬರೆದುಕೊಳ್ಳುವ ಕೈ ಮಾತ್ರ ಎಂಬ ಎಣಿಕೆ ಆ ತಲೆಮಾರಿಗೆ ಇರಲಿಲ್ಲ. ಓದಿಕೊಂಡವರು, ಸ್ವಂತ ಬುದ್ಧಿಯಿದ್ದವರು ಆ ಕೆಲಸವನ್ನು ಕೀಳೆಂದು ತಿಳಿಯದೆ ಮಾಡಿದರು.

ಇಂದು ಈ ಕೆಲಸಕ್ಕೆ ಬರುವವರನ್ನು ಹೇಗೆ ಆರಿಸುತ್ತಾರೆ? ಬೆರಳಚ್ಚು ಮತ್ತು ಶೀಘ್ರಲಿಪಿಯ ಪರೀಕ್ಷೆ ಪಾಸಾಗಿರಬೇಕು. ಐಸಾಕ್ ಪಿಟ್ಮನ್ 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿ ಒಂದು ಕಾಲದಲ್ಲಿ ಹೊನ್ನಾವರ, ಕುಮಟಾದಂಥ ಊರುಗಳ ಹುಡುಗರಿಗೆ ಮುಂಬಯಿಯ ಕಚೇರಿಗಳ ಬಾಗಿಲು ತೆರೆದ ವಿದ್ಯೆ. ಅದರ ಬಗ್ಗೆ ಗೌರವ ಇರಲೇಬೇಕು. ಆದರೆ ನಿಮಿಷಕ್ಕೆ ಎಷ್ಟು ಪದ ಎಂದು ಅಳೆಯುವ ಪರೀಕ್ಷೆ ಅಳಬೇಕೋ ಸಿಟ್ಟಾಗಬೇಕೋ ತಿಳಿಯದೆ ಎದುರು ನಿಂತ ತಂದೆಯ ಜೊತೆ ಹೇಗೆ ಮಾತಾಡಬೇಕೆಂದು ಕಲಿಸುವುದಿಲ್ಲ. ಗುಟ್ಟಿನ ಕಡತವನ್ನು ಹೇಗೆ ಕಾಯಬೇಕು, ಕುಲಪತಿಯ ಬಂಧುವೊಬ್ಬರು ಸಾಲು ತಪ್ಪಿಸಿ ಒಳಬರಲು ನೋಡಿದರೆ ಏನು ಹೇಳಬೇಕು ಎಂದೂ ಕಲಿಸುವುದಿಲ್ಲ. ಅಮೆರಿಕದಲ್ಲಿ ಕಾರ್ಯದರ್ಶಿಗಳು 1942ರಲ್ಲೇ ತಮ್ಮದೊಂದು ರಾಷ್ಟ್ರೀಯ ಸಂಘ ಕಟ್ಟಿಕೊಂಡು, ಮುಂದೆ ತಮ್ಮ ವೃತ್ತಿಗೆ ತಾವೇ ಅರ್ಹತಾ ಪರೀಕ್ಷೆಯನ್ನೂ ಗೊತ್ತುಮಾಡಿಕೊಂಡರು. ನಮ್ಮಲ್ಲಿ ಅಧ್ಯಾಪಕರಿಗೆ ಪುನಶ್ಚೇತನ ಶಿಬಿರ, ಪ್ರಾಚಾರ್ಯರಿಗೆ ನ್ಯಾಕ್ ಕಾರ್ಯಾಗಾರ ಇರುವಾಗ ಇವರಿಗೊಂದು ವಾರದ ತರಬೇತಿಯೂ ಸಿಗದಿರುವುದು ಸರಿಯಲ್ಲ.

ಎಲ್ಲವೂ ಗಣಕಕ್ಕೆ ಬಂದಮೇಲೆ ಈ ಮಾತೆಲ್ಲ ಹಳತಾಯಿತು ಎನ್ನುವವರಿದ್ದಾರೆ. 2021ರಿಂದೀಚೆಗೆ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಫಲಿತಾಂಶಗಳು ಯುಯುಸಿಎಂಎಸ್ ಎಂಬ ಗಣಕ ಜಾಲಕ್ಕೆ ಬಂದವು. ಗೇರುಸೊಪ್ಪದಲ್ಲಿ ಕುಳಿತು ಮೊಬೈಲಿನಲ್ಲಿ ಅಂಕ ನೋಡಬಹುದು, ನಿಜವಾಗಿ ದೊಡ್ಡ ಅನುಕೂಲ. ಆದರೆ ಜಾಲ ಬಗೆಹರಿಸುವುದು ನಿಯಮದೊಳಗಿನ ವಿಷಯವನ್ನು. ಒಂದು ಸೆಮಿಸ್ಟರಿನ ಅಂಕವೇ ತೋರದಿದ್ದಾಗ, ಹೆಸರಿನ ಅಕ್ಷರ ಎರಡು ಕಡೆ ಹೊಂದದಿದ್ದಾಗ, ಮಳೆಗೆ ಘಟ್ಟ ಕುಸಿದು ಪರೀಕ್ಷೆಗೆ ತಲುಪಲಾಗದಿದ್ದಾಗ ಮತ್ತೆ ಮನುಷ್ಯರೇ ಬೇಕು. ಸಾಮಾನ್ಯ ಕೆಲಸಗಳು ಜಾಲಕ್ಕೆ ಹೋದಷ್ಟೂ ಕುಲಪತಿಯ ಬಾಗಿಲಿಗೆ ಬರುವುದು ಗಂಟುಬಿದ್ದ ಪ್ರಕರಣಗಳು ಮಾತ್ರ. ಅಲ್ಲಿ ಕುಳಿತವರ ವಿವೇಕದ ಅಗತ್ಯ ಹೆಚ್ಚಿದೆ.

ಇನ್ನೊಂದು ಅಪಾಯವನ್ನೂ ಗಣಕವೇ ತಂದಿದೆ. ಮೊದಲು ಮೊಹರು ಕಪಾಟಿನಲ್ಲಿರುತ್ತಿತ್ತು, ಸಹಿ ಕೈಯಲ್ಲಿರುತ್ತಿತ್ತು. ಈಗ ಡಿಜಿಟಲ್ ಸಹಿ ಬೆರಳುದ್ದದ ಟೋಕನ್ನಿನಲ್ಲಿದೆ. ಕೆಲಸದ ಒತ್ತಡದಲ್ಲಿ ಎಷ್ಟೋ ಅಧಿಕಾರಿಗಳು ಅದನ್ನೂ ಅದರ ಗುಪ್ತಸಂಖ್ಯೆಯನ್ನೂ ಸಹಾಯಕರ ಕೈಗೆ ಕೊಟ್ಟುಬಿಡುತ್ತಾರೆ. ಒಟಿಪಿ ಬರುವ ಫೋನೂ ಅವರ ಮೇಜಿನ ಮೇಲೆಯೇ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೇ ಪ್ರಕರಣ ಸಹಿಯ ಖಾಸಗಿ ಕೀಲಿಯನ್ನು ಅದರ ಒಡೆಯರೇ ತಮ್ಮ ಹತೋಟಿಯಲ್ಲಿಟ್ಟುಕೊಳ್ಳಬೇಕು ಎನ್ನುತ್ತದೆ. ಹೀಗೆ ಕೊಡುವುದು ವಿಶ್ವಾಸದಂತೆ ಕಂಡರೂ ನಿಜಕ್ಕೂ ಕೆಳಗಿನವರ ತಲೆಯ ಮೇಲೆ ಹೊರಿಸಿದ ಹೊರೆ. ನಾಳೆ ತನಿಖೆಯಾದರೆ ಟೋಕನ್ ಬಳಸಿದವರು ಯಾರು ಎಂಬ ಪ್ರಶ್ನೆ ಬರುವುದು ತಿಂಗಳ ಸಂಬಳಕ್ಕೆ ದುಡಿದವರ ಮೇಲೆ. ‘ಇದನ್ನು ನಾನು ಇಟ್ಟುಕೊಳ್ಳುವಂತಿಲ್ಲ ಸರ್’ ಎಂದು ಅವರು ಹೇಳಲು ಲಿಖಿತ ನಿಯಮದ ಆಸರೆ ಬೇಕು.

ನಿಯಮ ಹಾಕಿದರೆ ವಿಶ್ವಾಸ ಕೆಡುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕುಲಪತಿಗೂ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಬೇಕು. ಒಳಗೆ ಆಡಿದ ಮಾತು ಹೊರಗೆ ಬರಬಾರದು. ಆದರೆ ಒಳಗೆ ಏನು ಮಾತಾಯಿತು ಎಂಬುದು ಬೇರೆ, ಯಾರು ಯಾವಾಗ ಬಂದರು, ಯಾರ ಅರ್ಜಿ ಎಷ್ಟು ದಿನ ಕಾಯಿತು ಎಂಬುದು ಬೇರೆ. ಎರಡನೆಯದು ಸಾರ್ವಜನಿಕ ಸಂಸ್ಥೆಯ ಲೆಕ್ಕ. 2005ರ ಮಾಹಿತಿ ಹಕ್ಕು ಕಾಯ್ದೆ ಬಂದ ಮೇಲಂತೂ ಅದನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಈ ಹುದ್ದೆಗೆ ಅಧಿಕಾರ ಬರೆದುಕೊಟ್ಟರೆ ದರ್ಪ ಹೆಚ್ಚುತ್ತದೆ ಎನ್ನುವವರಿಗೂ ಉತ್ತರ ಇಷ್ಟೇ: ಅಧಿಕಾರ ಈಗಾಗಲೇ ಅಲ್ಲಿದೆ. ಬರೆಯದೇ ಇರುವುದರಿಂದ ಅದು ಕಡಿಮೆಯಾಗಿಲ್ಲ, ಪ್ರಶ್ನಿಸಲು ಆಗದಂತಾಗಿದೆ.

ಧಾರವಾಡವನ್ನಷ್ಟೇ ನೋಡಿದರೆ ಸಾಲದು. ಹೊನ್ನಾವರದ ಎಸ್‌ಡಿಎಂ ಕಾಲೇಜು, ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, 1919ರಷ್ಟು ಹಳೆಯದಾದ ಭಟ್ಕಳದ ಅಂಜುಮನ್ ಸಂಸ್ಥೆಯ ಕಾಲೇಜುಗಳು ಊರ ಜನ ಸಮಿತಿ ಕಟ್ಟಿ ಬೆಳೆಸಿದವು. ಇಂಥ ಕಾಲೇಜಿನ ಪ್ರಾಚಾರ್ಯರು ಒಂದೇ ವಾರದಲ್ಲಿ ಆಡಳಿತ ಮಂಡಳಿಗೂ ವಿಶ್ವವಿದ್ಯಾಲಯಕ್ಕೂ ಕಾಲೇಜು ಶಿಕ್ಷಣ ಇಲಾಖೆಗೂ ಉತ್ತರ ಕೊಡಬೇಕು. ಅಂಜುಮನ್ ಸಂಸ್ಥೆ 1980ರಲ್ಲಿ ತೆರೆದ ಎಂಜಿನಿಯರಿಂಗ್ ಕಾಲೇಜಿನವರಾದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ದೆಹಲಿಯ ಎಐಸಿಟಿಇಗೂ. ಕರಾವಳಿಯ ಹೆಚ್ಚಿನ ಕಾಲೇಜುಗಳಲ್ಲಿ ಆಪ್ತ ಸಹಾಯಕ ಎಂಬ ಹುದ್ದೆಯೇ ಇರುವುದಿಲ್ಲ. ಸಂಬಳದ ಬಿಲ್ಲು ಮಾಡುವ, ಆವಕ-ಜಾವಕ ನೋಡುವ, ವಿದ್ಯಾರ್ಥಿವೇತನದ ಅರ್ಜಿ ತುಂಬುವ ಪ್ರಥಮ ದರ್ಜೆ ಸಹಾಯಕರೇ ಪ್ರಾಚಾರ್ಯರ ದಿನಚರಿಯನ್ನೂ ನೋಡಿಕೊಳ್ಳುತ್ತಾರೆ. ರಾತ್ರಿ ಹತ್ತಕ್ಕೆ ‘ನಾಳೆ ಹನ್ನೊಂದರೊಳಗೆ ಮಾಹಿತಿ ಕಳಿಸಿ’ ಎಂಬ ವಾಟ್ಸ್ಆಪ್ ಸಂದೇಶ ಬಂದರೆ ಎಚ್ಚರಾಗುವವರೂ ಅವರೇ. ಇವರಲ್ಲಿ ಹೆಂಗಸರು ಅನೇಕರು. ಕಚೇರಿ ಮುಗಿಸಿ ಮನೆಯ ಒಲೆ ಹೊತ್ತಿಸಿದ ಮೇಲೂ ಅವರ ಕಚೇರಿ ಮುಗಿಯುವುದಿಲ್ಲ.

ಆಗಬೇಕಾದದ್ದಕ್ಕೆ ಕಾಯ್ದೆಯ ತಿದ್ದುಪಡಿ ಬೇಡ. ಕುಲಪತಿಯ ಆಪ್ತ ಸಹಾಯಕರ ಕರ್ತವ್ಯವೇನು, ಏನು ಅಲ್ಲ ಎಂಬುದನ್ನು ಹೇಳುವ ಒಂದು ಕಚೇರಿ ಆದೇಶವನ್ನು ಕುಲಸಚಿವರು ಹೊರಡಿಸಬಹುದು. ಡಿಜಿಟಲ್ ಸಹಿ ಅವರ ಕೈಗೆ ಹೋಗಕೂಡದು ಎಂಬುದು ಅದರಲ್ಲಿರಬೇಕು. ಈ ಹುದ್ದೆಗೆ ಕಾಯಂ ನೌಕರರೇ ಬರಬೇಕು. ಹೊಸ ಕುಲಪತಿ ತಮ್ಮ ಆಯ್ಕೆಯವರನ್ನು ತಂದರೂ ಹಳಬರು ಮೊದಲ ಆರು ತಿಂಗಳು ಕಚೇರಿಯಲ್ಲೇ ಉಳಿಯಬೇಕು. ಹಿಂದಿನವರು ಕೊಟ್ಟ ಮಾತುಗಳು, ನಡುದಾರಿಯಲ್ಲಿರುವ ಕಡತಗಳು, ಕೋರ್ಟಿನ ತಾರೀಖುಗಳು ಒಂದು ಪುಸ್ತಕದಲ್ಲಿ ಬರೆದಿರಬೇಕು. ಅಧಿಕಾರ ವಹಿಸಿಕೊಳ್ಳುವ ದಿನ ಹೂಗುಚ್ಛದ ಜೊತೆ ಅದೂ ಕೈಗೆ ಬರಬೇಕು.

ಘಟ್ಟದ ಕೆಳಗಿನವರಿಗೆ ಬೇರೆಯದೇ ಒಂದು ಏರ್ಪಾಡು ಬೇಕು. ವಾರದಲ್ಲಿ ಒಂದು ಗೊತ್ತಾದ ದಿನ, ಗೊತ್ತಾದ ಒಂದು ತಾಸು, ಭಟ್ಕಳದಿಂದ ಕಾರವಾರದವರೆಗಿನ ಕಾಲೇಜುಗಳ ಪ್ರಾಚಾರ್ಯರೂ ವಿದ್ಯಾರ್ಥಿಗಳೂ ವಿಡಿಯೊ ಕರೆಯಲ್ಲಿ ಕುಲಪತಿ ಕಚೇರಿಯನ್ನು ಕಾಣುವಂತಿರಲಿ. ಆ ತಾಸಿನ ಮೊದಲ ಅರ್ಧ ಆಪ್ತ ಸಹಾಯಕರದಾಗಿರಲಿ, ಏಕೆಂದರೆ ಹೆಚ್ಚಿನ ಪ್ರಶ್ನೆ ಅವರ ಮಟ್ಟದಲ್ಲೇ ಬಗೆಹರಿಯುತ್ತದೆ. ಬಗೆಹರಿಯದೆ ಉಳಿದದ್ದು ಮಾತ್ರ ಕುಲಪತಿಯ ಮುಂದೆ ಹೋಗಲಿ. ಹೊನ್ನಾವರ ಮತ್ತು ಕುಮಟಾದ ಆಡಳಿತ ಮಂಡಳಿಗಳು ಈ ಬೇಡಿಕೆಯನ್ನು ಜಂಟಿ ಪತ್ರವಾಗಿ ಬರೆದು ಮುಂದಿನ ಸಿಂಡಿಕೇಟ್ ಸಭೆಗೆ ಮೊದಲೇ ಕಳಿಸಬಹುದು, ಒಂದು ಪ್ರತಿಯನ್ನು ಕುಲಪತಿಯವರ ಆಪ್ತ ಸಹಾಯಕರ ಹೆಸರಿಗೂ.